ಪಾರಣೆಯಿಲ್ಲದ ಉಪವಾಸ

ತುಲಾ ಸಂಕ್ರಮಣವು ಸಮೀಪಿಸಿತೆಂದರೆ ಭಾಗಮಂಡಲದಲ್ಲಿಯೂ ತಲಕಾವೇರಿಯಲ್ಲಿಯೂ ನಡೆಯತಕ್ಕ ವಿಧಿಗಳ ಕ್ರಮವನ್ನು ನಮ್ಮ ವಾಚಕರು ಬಲ್ಲರು. ಮೊದಲು ಪತ್ತಾಯಕ್ಕೆ ಅಕ್ಕಿ ಹಾಕುವುದು. ಅನಂತರ ಆಜ್ಞಾ ಮುಹೂರ್ತ. ಬಳಿಕ ಅಕ್ಷಯ ಪಾತ್ರೆಯನ್ನಿರಿಸುವುದು, ಕಾಣಿಕೆಯ ಡಬ್ಬಿಯನ್ನಿಡುವುದು. ಕಡೆಗೆ, ಸಾಮಾನ್ಯವಾಗಿ ಅಕ್ಟೋಬರ್ ೧೭ನೆಯ ತಾರೀಖಿನ ಸುಮಾರಿಗೆ, ತೀರ್ಥೋದ್ಭವ. ಈ ದಿನಗಳಲ್ಲಿ ಶ್ರದ್ಧಾವಂತರು ಮದ್ಯಮಾಂಸಗಳನ್ನು ದೂರವಿರಿಸುತ್ತಾರೆ. ಜಾತ್ರೆಯ ಸಮಯಕ್ಕೆ ಆ ಸುತ್ತಿನಲ್ಲಿ ಮದ್ಯದ ಮಾರಾಟವನ್ನು ಸರಕಾರದವರೂ ನಿಲ್ಲಿಸುವುದುಂಟು. ಬಿಡತಕ್ಕ ಈ ಕಾಲವು ತುಂಬತಕ್ಕ ಒಂದು ಕಾರ್ಯದಿಂದ, ಕಣಜಕ್ಕೆ ಅಕ್ಕಿಯನ್ನು ಸುರಿಯುವುದರಿಂದ, ಪ್ರಾರಂಭವಾಗುತ್ತದೆಂಬುದನ್ನು ಗಮನಿಸಿದವರು ಎಷ್ಟು ಮಂದಿ?

ಸಂಕ್ರಮಣದ ದಿನ ಮನೆಮನೆಗಳಲ್ಲಿ ಕೆಂಪು ರೇಷ್ಮೆಯನ್ನುಡಿಸಿದ ತೆಂಗಿನಕಾಯಿಗೋ ಸೌತೆಕಾಯಿಗೋ ಆಭರಣವನ್ನು ತೊಡಿಸಿ ಕಣಿಪೂಜೆ ಮಾಡುವರು, ಊಟಕ್ಕೆ ದೋಸೆ, ಕುಂಬಳದ ಪದಾರ್ಥ, ಅಂದು ಮಾಂಸವಿಲ್ಲ. ಅದಕ್ಕೆ ಒಂದೂವರೆ ತಿಂಗಳು ಮೊದಲು ಕೈಲುಮುಹೂರ್ತದಂದು ಕಡಂಬುಟ್ಟನ್ನೂ ಹಂದಿಮಾಂಸವನ್ನೂ ಉಂಡವರು ಇವರೇ. ಮುಂದೆ ಒಂದೂವರೆ ತಿಂಗಳಿಗೆ ಹುತ್ತರಿಯ ಹೊಸಕ್ಕಿಯನ್ನುಣ್ಣುವವರೂ ಇವರೇ. ನಡುವೆ ತುಲಾ ಮಾಸವು ಮುಗಿದು ಕಿರು ಸಂಕ್ರಮಣವು ಬರುತ್ತದೆ. ಊರ ದೇವರ ಹಬ್ಬಗಳಿಗೆ ಬೀಳುವ ದೇವಕಟ್ಟೂ ಇಂಥದೇ ಆಗಿರುತ್ತದೆ. ಕಟ್ಟು ಬಿದ್ದ ದಿನಗಳಲ್ಲಿ ಊರಿನ ಎಲ್ಲೆಯೊಳಗೆ ಪ್ರಾಣಿವಧೆಯಿಲ್ಲ, ಹಸಿ ಮರಕ್ಕೆ ಕೊಡಲಿಯಿಲ್ಲ. ಹಬ್ಬವು ಮುಗಿಯಿತೋ, ಕಟ್ಟು ಸಡಿಲಿತು. ಕಟ್ಟುವಾಗಲೇ ಬಿಚ್ಚುವ ದಿನವು ನಿಶ್ಚಿತವಾಗಿರುತ್ತದೆ. ಒಬ್ಬನಿಗೆ ಒಂದು ಕಟ್ಟು, ಇನ್ನೊಬ್ಬನಿಗೆ ಇನ್ನೊಂದು ಎಂಬ ಗೊಂದಲವಿಲ್ಲ.

ಹೀಗಿರಲು, ಇದೇ ನಾಡಿನ ವಿದ್ಯಾವಂತರ ಮನೆಗಳಲ್ಲಿ ಈಗ ನಡೆಯುತ್ತಿರುವುದೇನು? ಮನೆಯ ಯಜಮಾನರು ಅನ್ನವನ್ನು ಬಿಟ್ಟಿದ್ದಾರೆ. ಮಗನು ಗೋಧಿಯನ್ನು ಬಿಟ್ಟಿದ್ದಾನೆ. ಸೊಸೆಯು ಹಾಲನ್ನೂ ಸಕ್ಕರೆಯನ್ನೂ ಬಿಟ್ಟಿದ್ದಾಳೆ. ಬೆಂಗಳೂರಿನಿಂದ ರಜೆಗೆ ಬಂದ ಮೊಮ್ಮಗಳು ಮಧ್ಯಾಹ್ನದವರೆಗೆ ಏನನ್ನೂ ಮುಟ್ಟುವುದಿಲ್ಲ. ಕಾರಣವನ್ನು ಕೇಳಿದರೆ ಉತ್ತರವು ಸಿದ್ಧವಾಗಿದೆ: ಒಬ್ಬರಿಗೆ ಹೊಟ್ಟೆಯುಬ್ಬರ, ಒಬ್ಬರಿಗೆ ಮೊಣಕಾಲಿನ ನೋವು, ಒಬ್ಬರಿಗೆ ನಿದ್ದೆಯಿಲ್ಲ, ಇನ್ನೊಬ್ಬರಿಗೆ ಮೊಗದ ಮೇಲೆ ಮೊಡವೆ. ಆದರೆ ಮನೆಯ ಅಜ್ಜಿಯು, “ಎಲ್ಲಿಯವರೆಗೆ ಮಗಳೇ?” ಎಂದು ಕೇಳಿದರೆ ಯಾರಲ್ಲಿಯೂ ಉತ್ತರವಿಲ್ಲ. ಆ ಪ್ರಶ್ನೆಯೇ ಅವರಿಗೆ ವಿಚಿತ್ರವಾಗಿ ತೋರುತ್ತದೆ. ಬಿಟ್ಟದ್ದು ಬಿಟ್ಟಿತು, ಮೈ ಹಗುರಾಯಿತು, ಇನ್ನೇಕೆ ವಿಚಾರ?

ನಮ್ಮ ಆಕ್ಷೇಪವೆಲ್ಲ ಈ ‘ಇನ್ನೇಕೆ’ಯ ಮೇಲೆ. ಬಿಡುವುದನ್ನು ನಾವು ಹಳಿಯುವುದಿಲ್ಲ. ಬಿಟ್ಟದ್ದನ್ನು ಮರಳಿ ತಂದು ನೋಡದಿರುವವನು ಅರ್ಧ ಕೆಲಸವನ್ನು ಮಾಡಿ ಪೂರ್ಣ ಫಲವನ್ನು ಪಡೆದೆನೆಂದು ಭ್ರಮಿಸುತ್ತಾನೆ; ಮತ್ತು ಆ ಉಳಿದ ಅರ್ಧವೇ ಕಷ್ಟವಾದದ್ದು, ಸತ್ಯವನ್ನು ತಿಳಿಸತಕ್ಕದ್ದು.

ನಮ್ಮ ಹಿಂದಿನವರು ಇದನ್ನು ಅರಿತಿದ್ದರು. ಏಕಾದಶಿಯ ಉಪವಾಸಕ್ಕೆ ದ್ವಾದಶಿಯ ಪಾರಣೆಯು ಅಂಗ. ಪಾರಣೆಯ ಕಾಲವನ್ನು ತಪ್ಪಿಸಿದವನ ವ್ರತವು ಕೆಟ್ಟಿತೆಂದೇ ಲೆಕ್ಕ. ಭಾಗವತದ ಅಂಬರೀಷನ ಕಥೆಯನ್ನು ನೆನೆಯಿರಿ. ಅತಿಥಿಯಾದ ದುರ್ವಾಸರು ಸ್ನಾನಕ್ಕೆ ಹೋಗಿ ತಡಮಾಡಿದರು. ದ್ವಾದಶಿಯು ಕಳೆಯುತ್ತ ಬಂದಿತು. ಅತಿಥಿಗಿಂತ ಮೊದಲು ಉಣ್ಣುವುದು ತಪ್ಪು, ಪಾರಣೆಯನ್ನು ಬಿಡುವುದೂ ತಪ್ಪು. ದೊರೆಯು ಗುಟುಕು ನೀರನ್ನು ಕುಡಿದು ವ್ರತವನ್ನು ಮುಗಿಸಿದನು. ಮುನಿಯ ಕೋಪವನ್ನೂ ಅದರಿಂದ ಹುಟ್ಟಿದ ಕೃತ್ಯೆಯನ್ನೂ ಎದುರಿಸಬೇಕಾಯಿತು. ಉಪವಾಸದ ಕೊನೆಗೆ ಅಷ್ಟು ಬೆಲೆ! ಆಯುರ್ವೇದದವರು ಇನ್ನೂ ಸೂಕ್ಷ್ಮವಾಗಿ ಹೇಳಿದರು. ಶೋಧನವಾದ ಮೇಲೆ ರೋಗಿಗೆ ಒಮ್ಮೆಲೇ ಊಟವನ್ನಿಕ್ಕತಕ್ಕದ್ದಲ್ಲ, ಹಸಿವಿನಲ್ಲಿಯೇ ಇರಿಸತಕ್ಕದ್ದೂ ಅಲ್ಲ. ಪೇಯಾ, ಅನಂತರ ವಿಲೇಪೀ, ಅನಂತರ ಯೂಷ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಹಜವಾದ ಊಟಕ್ಕೆ ತರತಕ್ಕದ್ದು. ಇದಕ್ಕೆ ಸಂಸರ್ಜನ ಕ್ರಮವೆಂದು ಹೆಸರು. ಕೆಟ್ಟ ಅಭ್ಯಾಸವನ್ನು ಬಿಡುವುದಕ್ಕೂ ಚರಕನು ಕಾಲುಕಾಲು ಭಾಗವಾಗಿ ಬಿಡುವ ಕ್ರಮವನ್ನು ಹೇಳಿರುವನು.

ಆಧುನಿಕ ವೈದ್ಯರು ಬೇರೆ ಮಾತನ್ನಾಡುತ್ತಾರೆಯೆ? ಇಲ್ಲ. ಕರುಳಿನ ತೊಂದರೆಯುಳ್ಳವರಿಗಾಗಿ ಆಸ್ಟ್ರೇಲಿಯಾದ ಮೊನಾಷ್ ವಿಶ್ವವಿದ್ಯಾಲಯದವರು ರೂಪಿಸಿದ ಪಥ್ಯವೊಂದು ಈಗ ಲೋಕಪ್ರಸಿದ್ಧವಾಗಿದೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಕೆಲವು ಬೇಳೆಗಳು, ಕೆಲವು ಹಣ್ಣುಗಳು, ಇವನ್ನು ಅದರ ಮೊದಲನೆಯ ಹಂತದಲ್ಲಿ ತಗ್ಗಿಸುವರು. ಆ ಹಂತಕ್ಕೆ ಅವರಿಟ್ಟ ಅವಧಿ ಎರಡರಿಂದ ಆರು ವಾರ. ಎರಡನೆಯ ಹಂತದಲ್ಲಿ ಒಂದೊಂದನ್ನೇ ಮರಳಿ ತಿನ್ನಿಸಿ ಯಾವುದು ಬಾಧಿಸುತ್ತದೆ, ಯಾವುದು ಬಾಧಿಸದು ಎಂದು ನೋಡುವರು. ಮೂರನೆಯದರಲ್ಲಿ ಬಾಧಿಸದ್ದನ್ನೆಲ್ಲ ಉಳಿಸಿಕೊಂಡು ಬಾಧಿಸುವ ಒಂದೆರಡನ್ನು ಮಾತ್ರ ಮಿತಿಯಲ್ಲಿಡುವರು. ನಮ್ಮವರು ಮೊದಲನೆಯ ಹಂತದ ಪಟ್ಟಿಯನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿ ವರ್ಷಗಟ್ಟಲೆ ಅಲ್ಲಿಯೇ ನಿಂತಿದ್ದಾರೆ. ಭಾಗಮಂಡಲಕ್ಕೆಂದು ಹೊರಟವನು ಚೇರಂಬಾಣೆಯಲ್ಲಿಳಿದು ಅಲ್ಲಿಯೇ ಮನೆ ಮಾಡಿದಂತಾಯಿತು.

“ಬಿಟ್ಟ ಮೇಲೆ ಗುಣವಾಯಿತಲ್ಲ, ಅದೇ ಪ್ರಮಾಣ” ಎಂಬ ಮಾತನ್ನು ಸ್ವಲ್ಪ ಪರೀಕ್ಷಿಸೋಣ. ಮೈಯ ಅನೇಕ ಬಾಧೆಗಳು ಹೊಳೆಯ ನೀರಿನಂತೆ ಏರುತ್ತವೆ, ಇಳಿಯುತ್ತವೆ. ಬಾಧೆಯು ಅತ್ಯಂತ ಏರಿದಾಗಲೇ ನಾವು ಕಂಗೆಟ್ಟು ಏನನ್ನಾದರೂ ಬಿಡುವುದು. ಅದು ತಾನಾಗಿ ಇಳಿಯತಕ್ಕ ಕಾಲವೂ ಅದೇ. ಶ್ರಾವಣದ ಪ್ರವಾಹವು ಭಾಗಮಂಡಲದ ತ್ರಿವೇಣೀ ಸಂಗಮವನ್ನು ಮುಳುಗಿಸಿದ ದಿನ ಒಬ್ಬನು ತುಪ್ಪವನ್ನು ಬಿಟ್ಟನೆನ್ನಿ. ವಾರದ ಮೇಲೆ ನೀರು ಇಳಿಯಿತು. ತುಪ್ಪವನ್ನು ಬಿಟ್ಟದ್ದರಿಂದ ಇಳಿಯಿತೆ? ಎರಡನೆಯದಾಗಿ, ಬಿಡುವವರು ಒಂದನ್ನೇ ಬಿಡುವುದಿಲ್ಲ. ಅಕ್ಕಿ, ಸಕ್ಕರೆ, ಕಾಫಿ, ಕರಿದ ತಿಂಡಿ, ರಾತ್ರಿಯ ಊಟ, ಎಲ್ಲವನ್ನೂ ಒಂದೇ ಸೋಮವಾರದಿಂದ ಬಿಡುತ್ತಾರೆ. ಗುಣವಾದರೆ ಯಾವುದರಿಂದ ಆಯಿತೆಂಬುದು ಬ್ರಹ್ಮನಿಗೂ ತಿಳಿಯದು. ತಿಳಿಯದ್ದರಿಂದ ಐದನ್ನೂ ಶಿಕ್ಷೆಯಲ್ಲಿಡುವುದು.

ಕಾಫಿಯ ಮಾತು ಬಂದುದರಿಂದ ಅದನ್ನು ಕುರಿತು ಎರಡು ಮಾತು. ಕಾಫಿಯ ನಾಡಿನಲ್ಲಿ ಕುಳಿತು ಹೇಳದಿರಲಾಗದು. ಬಹುಕಾಲ ಕುಡಿದವನು ಕಾಫಿಯನ್ನು ತಟ್ಟನೆ ನಿಲ್ಲಿಸಿದರೆ ಒಂದು ದಿನದೊಳಗೆ ತಲೆನೋವು ಪ್ರಾರಂಭವಾಗಿ ಎರಡನೆಯ ದಿನಕ್ಕೆ ಬಲವಾಗುವುದುಂಟು, ವಾರದಷ್ಟು ನಿಲ್ಲುವುದೂ ಉಂಟು. ಅಭ್ಯಾಸವಾದ ವಸ್ತುವು ತಪ್ಪಿದುದರ ಪರಿಣಾಮವಿದು. ಹೊಸ ಮತದವರು ಇದಕ್ಕೆ ಕೊಡುವ ಅರ್ಥವು ಬೇರೆ: “ಒಳಗಿನ ವಿಷವು ಹೊರಟುಹೋಗುತ್ತಿದೆ.” ತಲೆನೋವು ನಿಂತಾಗ ವಿಷವೆಲ್ಲ ಹೋಯಿತೆಂದು ಸಂತೋಷ. ಬಿಟ್ಟುದರಿಂದಲೇ ಹುಟ್ಟಿದ ಬಾಧೆಯು ಬಿಡಬೇಕಾಗಿದ್ದುದಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ! ನ್ಯಾಯಸ್ಥಾನದಲ್ಲಿ ಇಂಥ ಸಾಕ್ಷಿಯನ್ನು ತಂದ ವಕೀಲನನ್ನು ಏನೆನ್ನಬೇಕು?

ನಿಜವಾದ ಸಾಕ್ಷಿಯು ಹೇಗಿರುತ್ತದೆಂಬುದಕ್ಕೆ ಗೋಧಿಯ ಕಥೆಯನ್ನೇ ಹೇಳಬೇಕು. ಸೀಲಿಯಾಕ್ ಎಂಬ ರೋಗವುಳ್ಳವರಿಗೆ ಗೋಧಿ, ಜವೆಗೋಧಿ ಮೊದಲಾದವುಗಳಲ್ಲಿರುವ ಗ್ಲುಟೆನ್ ಎಂಬ ಅಂಟಿನಿಂದ ಕರುಳು ಕೆಡುತ್ತದೆ. ಹಾಲೆಂಡಿನ ಮಕ್ಕಳ ವೈದ್ಯನಾದ ವಿಲ್ಲೆಮ್ ಡಿಕೆ ಎಂಬವನು ಎರಡನೆಯ ಮಹಾಯುದ್ಧಕ್ಕೆ ಮೊದಲೇ ಗೋಧಿಯ ಮೇಲೆ ಸಂದೇಹಗೊಂಡಿದ್ದನು. ೧೯೪೪–೪೫ರ ಚಳಿಗಾಲದಲ್ಲಿ ಆ ದೇಶಕ್ಕೆ ಕ್ಷಾಮವು ಬಂದು ರೊಟ್ಟಿಯು ದುರ್ಲಭವಾಯಿತು. ಊರೆಲ್ಲ ಹಸಿದಿರುವಾಗ ಈ ರೋಗದ ಮಕ್ಕಳು ಚೇತರಿಸಿಕೊಂಡರು. ಇಷ್ಟಕ್ಕೇ ನಿಂತಿದ್ದರೆ ಅದು ಬರಿಯ ಊಹೆಯಾಗುತ್ತಿತ್ತು. ಯುದ್ಧವು ಮುಗಿದು ರೊಟ್ಟಿಯು ಮರಳಿ ಬಂದಾಗ ಅದೇ ಮಕ್ಕಳು ಮತ್ತೆ ಮಲಗಿದರು. ಮುಂದೆ ಕ್ರಮವಾದ ಪರೀಕ್ಷೆಗಳನ್ನು ನಡೆಯಿಸಿ ೧೯೫೦ರಲ್ಲಿ ಆತನು ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ತನ್ನ ಪ್ರಬಂಧವನ್ನೊಪ್ಪಿಸಿದನು. ರೊಟ್ಟಿಯು ಹೋದುದರಿಂದ ಹುಟ್ಟಿದುದು ಸಂದೇಹ. ಬಂದುದರಿಂದ ದೊರೆತುದು ಪ್ರಮಾಣ. ಈ ರೋಗವು ರಕ್ತಪರೀಕ್ಷೆಯಿಂದಲೂ ಕರುಳಿನ ಪರೀಕ್ಷೆಯಿಂದಲೂ ನಿಶ್ಚಿತವಾದವರು ಜೀವಮಾನವೆಲ್ಲ ಗೋಧಿಯನ್ನು ಮುಟ್ಟಬಾರದು. ಅವರ ವಿಷಯದಲ್ಲಿ ನಮಗೆ ವಾದವಿಲ್ಲ. ಆದರೆ ಪರೀಕ್ಷೆಗೆ ಮೊದಲೇ ಗೋಧಿಯನ್ನು ಬಿಟ್ಟವನಲ್ಲಿ ರೋಗದ ಗುರುತುಗಳೂ ಮರೆಯಾಗಿ, ಪರೀಕ್ಷೆಗಾಗಿ ಅವನು ಮತ್ತೆ ಕೆಲವು ವಾರ ಗೋಧಿಯನ್ನು ತಿನ್ನಬೇಕಾಗುತ್ತದೆ. ಇನ್ನು ನಮ್ಮ ಅಕ್ಕಿಯಲ್ಲಿ ಆ ಅಂಟು ಇಲ್ಲವೇ ಇಲ್ಲ. ಅಕ್ಕಿಯ ರೊಟ್ಟಿ, ನೂಪುಟ್ಟು, ಪಾಪುಟ್ಟುಗಳನ್ನು ತಲೆತಲಾಂತರದಿಂದ ತಿಂದ ಮನೆಯವರು ಈಗ ಪೇಟೆಯಿಂದ ‘ಗ್ಲುಟೆನ್ ಇಲ್ಲದ್ದು’ ಎಂದು ಅಚ್ಚುಮಾಡಿದ ಪೊಟ್ಟಣಗಳನ್ನು ದುಬಾರಿ ಬೆಲೆಗೆ ತರುತ್ತಿರುವುದನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು.

ಬಿಟ್ಟರೆ ಗುಣವಾಗದಿದ್ದರೂ ಹಾನಿಯಂತೂ ಇಲ್ಲವೆಂದು ಸಮಾಧಾನ ಹೇಳುವವರಿದ್ದಾರೆ. ಇದು ಎಲ್ಲಕ್ಕಿಂತ ಅಪಾಯಕರವಾದ ಮಾತು. ಕಡಲೆಕಾಯಿಯು ಕೆಲವು ಮಕ್ಕಳಿಗೆ ಒಗ್ಗದು, ಪ್ರಾಣಕ್ಕೇ ಅಪಾಯ ತರುತ್ತದೆ ಎಂಬುದನ್ನು ಕಂಡು ಇಂಗ್ಲೆಂಡಿನಲ್ಲಿ ೧೯೯೮ರಲ್ಲಿಯೂ ಅಮೆರಿಕದಲ್ಲಿ ೨೦೦೦ದಲ್ಲಿಯೂ, ಅಂಥ ಭಯವಿರುವ ಮನೆಗಳ ಶಿಶುಗಳಿಗೆ ಮೂರು ವರ್ಷದವರೆಗೆ ಅದನ್ನು ಕೊಡಬಾರದೆಂದು ಉಪದೇಶಿಸಿದರು. ತಾಯಿತಂದೆಗಳು ಶ್ರದ್ಧೆಯಿಂದ ಪಾಲಿಸಿದರು; ರೋಗವು ಇಳಿಯಲಿಲ್ಲ. ಕಡೆಗೆ ಲಂಡನ್ನಿನಲ್ಲಿ ೬೪೦ ಶಿಶುಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಎಳೆತನದಿಂದಲೇ ಕಡಲೆಕಾಯಿಯ ಪದಾರ್ಥವನ್ನು ತಿನ್ನಿಸಿದರು, ಇನ್ನೊಂದಕ್ಕೆ ತಪ್ಪಿಸಿದರು. ೨೦೧೫ರಲ್ಲಿ ಪ್ರಕಟವಾದ ಫಲವೇನೆಂದರೆ, ಐದನೆಯ ವಯಸ್ಸಿನಲ್ಲಿ ತಪ್ಪಿಸಿದವರ ಪೈಕಿ ನೂರಕ್ಕೆ ಸುಮಾರು ಹದಿನೇಳು ಮಕ್ಕಳಿಗೆ ಆ ರೋಗ. ತಿಂದವರ ಪೈಕಿ ನೂರಕ್ಕೆ ಸುಮಾರು ಮೂವರಿಗೆ. ಕಾಪಾಡುವುದಕ್ಕೆಂದು ಬಿಡಿಸಿದುದೇ ರೋಗವನ್ನು ಬೆಳೆಯಿಸಿತ್ತು. (ಈಗಾಗಲೇ ಒಗ್ಗದೆಂದು ತಿಳಿದಿರುವ ಮಗುವಿಗೆ ಮನೆಯಲ್ಲಿಯೇ ಕೊಟ್ಟು ನೋಡುವ ಸಾಹಸವನ್ನು ಯಾರೂ ಮಾಡಕೂಡದು, ಅದು ವೈದ್ಯರ ಮುಂದೆ ಆಗತಕ್ಕ ಕೆಲಸ.)

ಉಪ್ಪಿನ ವಿಷಯವನ್ನೂ ನೋಡಿ. ಪುಡಿಯುಪ್ಪು ಕೆಟ್ಟದ್ದೆಂದು ಬಿಟ್ಟು ಸೈಂಧವವನ್ನು ತರುವವರು, ಅದರೊಡನೆ ಅಯೋಡಿನ್ನನ್ನೂ ಬಿಡುತ್ತಿರುವೆವೆಂದು ಯೋಚಿಸುವುದಿಲ್ಲ. ಸಮುದ್ರಕ್ಕೆ ದೂರವಾದ, ಮಳೆಯು ಮಣ್ಣನ್ನು ತೊಳೆಯುವ ಬೆಟ್ಟದ ಸೀಮೆಗಳಲ್ಲಿ ಅಯೋಡಿನ್ ಸಾಲದೆ ಗಳಗಂಡವಾಗುವುದು ಹಳೆಯ ಅನುಭವ. ಅದಕ್ಕೆಂದೇ ಉಪ್ಪಿಗೆ ಅದನ್ನು ಬೆರಸುವುದು. ಮಾಂಸವನ್ನುಣ್ಣದವರು ಹಾಲುಮೊಸರುಗಳನ್ನೂ ಬಿಟ್ಟರೆ ಬಿ ೧೨ ಎಂಬ ಜೀವಸತ್ತ್ವವು ಅವರಿಗೆ ಬರುವ ದಾರಿಯೇ ಮುಚ್ಚುತ್ತದೆ; ಅದರ ಕೊರತೆಯು ನರಗಳಲ್ಲಿ ತೋರುವುದು ಎಷ್ಟೋ ವರ್ಷಗಳ ಮೇಲೆ.

ಈ ದೇಶದಲ್ಲಿ ಆಹಾರವನ್ನು ಬಿಡುವುದರಲ್ಲಿ ಗಾಂಧಿಯವರನ್ನು ಮೀರಿಸಿದವರು ಯಾರು? ೧೯೧೨ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಅವರು ಹಾಲನ್ನು ಬಿಟ್ಟರು. ೧೯೧೮ರಲ್ಲಿ ಆಮಶಂಕೆಯಿಂದ ಮೈ ಬಿದ್ದುಹೋಯಿತು. ಹಾಲಿಲ್ಲದೆ ಚೇತರಿಸುವಂತಿಲ್ಲವೆಂದು ವೈದ್ಯರು ಹೇಳಿದರು. ವ್ರತ ಮಾಡುವಾಗ ಮನಸ್ಸಿನಲ್ಲಿದ್ದುದು ಹಸುವಿನ, ಎಮ್ಮೆಯ ಹಾಲಷ್ಟೆ, ಆಡಿನ ಹಾಲಿಗೇನು ಅಡ್ಡಿ ಎಂದವರು ಕಸ್ತೂರಬಾ. ಕುಡಿದರು, ಎದ್ದರು. ವ್ರತದ ಅಕ್ಷರವನ್ನುಳಿಸಿ ಆತ್ಮವನ್ನು ಕಳೆದೆನೆಂದು ಗಾಂಧಿಯವರೇ ಆತ್ಮಕಥೆಯಲ್ಲಿ ಮರುಗಿದ್ದಾರೆ. ಆ ಮರುಗನ್ನು ನಾವು ಗೌರವಿಸುತ್ತೇವೆ. ಆದರೂ ೧೯೩೪ರಲ್ಲಿ ಕೊಡಗಿಗೆ ಬಂದು ನಮ್ಮ ಹಿರಿಯರಿಗೆ ದರ್ಶನ ಕೊಟ್ಟ ಆ ದೇಹವು ಕಸ್ತೂರಬಾ ಅವರ ವಿವೇಕದ ಋಣದಲ್ಲಿತ್ತೆಂದು ಹೇಳಲು ನಮಗೆ ಸಂಕೋಚವಿಲ್ಲ.

ಹೆಂಗಸರ ಮಾತನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಈ ವಿಷಯದಲ್ಲಿ ಹೆಚ್ಚು ನಷ್ಟ ಪಡುತ್ತಿರುವವರು ಅವರು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ದೇಶದ ಹದಿನೈದರಿಂದ ನಾಲ್ವತ್ತೊಂಬತ್ತು ವಯಸ್ಸಿನ ಹೆಂಗಸರಲ್ಲಿ ಶೇಕಡಾ ೫೭ ಮಂದಿಗೆ ರಕ್ತಹೀನತೆ. ಎಲ್ಲರೂ ಉಂಡ ಮೇಲೆ ಉಳಿದುದನ್ನುಣ್ಣುವ ಪದ್ಧತಿಯು ಇನ್ನೂ ಪೂರ್ಣವಾಗಿ ಹೋಗಿಲ್ಲ. ಅಷ್ಟರಲ್ಲಿಯೇ ಅವರಿಗೆ ಬಿಡತಕ್ಕ ವಸ್ತುಗಳ ಪಟ್ಟಿಯನ್ನು ಕೊಡಲಾಗುತ್ತಿದೆ. ಯಜಮಾನರು ಅನ್ನವನ್ನು ಬಿಟ್ಟರೆ ಅವರಿಗೆ ಬೇರೆ ಪದಾರ್ಥವು ಬೇಯುತ್ತದೆ; ಮಗನು ಗೋಧಿಯನ್ನು ಬಿಟ್ಟರೆ ಅವನಿಗೆ ಮತ್ತೊಂದು; ಬೇಯಿಸಿ ಬಳಲಿದವಳು ತಾನು ಬಿಟ್ಟಾಗ ಅವಳಿಗೆ ಏನೂ ಬೇಯುವುದಿಲ್ಲ. ಹದಿನಾರು ವರ್ಷದ ಹುಡುಗಿಯೊಬ್ಬಳು ಮೊದಲು ಸಿಹಿಯನ್ನು, ಆಮೇಲೆ ಅನ್ನವನ್ನು, ಆಮೇಲೆ ರಾತ್ರಿಯೂಟವನ್ನು ಬಿಡುತ್ತ ಬಂದರೆ ನೆಂಟರು ಮೆಚ್ಚುತ್ತಾರೆ. ಆ ಮೆಚ್ಚಿಕೆಯು ಎಂಥ ರೋಗಕ್ಕೆ ದಾರಿಯಾಗಬಲ್ಲದೆಂಬುದನ್ನು ಮನೋವೈದ್ಯರನ್ನು ಕೇಳಿ ತಿಳಿಯಬೇಕು.

ಕೆಟ್ಟದ್ದಿದ್ದರೆ ಕತ್ತರಿಸಿ ಎಸೆಯುವುದೊಂದೇ ದಾರಿಯೆಂಬ ಎಣಿಕೆಯು ನಮ್ಮ ಅಡಿಗೆಮನೆಗಳಲ್ಲಿ ಎಂದೂ ಇರಲಿಲ್ಲ. ಎಳೆಯ ಬಿದಿರಿನ ಕಣಿಲೆಯಲ್ಲಿ ಸಯನೈಡನ್ನು ಹುಟ್ಟಿಸುವ ವಿಷಾಂಶವಿದೆ. ಹಸಿಯಾಗಿ ತಿಂದರೆ ಅಪಾಯ. ನಮ್ಮ ಅಜ್ಜಿಯಂದಿರು ಕಣಿಲೆಯನ್ನು ಬಿಡಲಿಲ್ಲ. ಸಣ್ಣಗೆ ಹೆಚ್ಚಿ, ದಿನಗಟ್ಟಲೆ ನೀರಿನಲ್ಲಿಟ್ಟು, ನೀರನ್ನು ಚೆಲ್ಲಿ ಬೇಯಿಸಿದರು. ಕೆಸುವಿನೆಲೆಯು ಗಂಟಲನ್ನು ತುರಿಸುತ್ತದೆ. ಅದಕ್ಕೆ ಹುಳಿಯನ್ನು ಹಾಕಿ ಚೆನ್ನಾಗಿ ಬೇಯಿಸಿದರು. ಹಂದಿಯ ಕೊಬ್ಬಿನ ಜಿಡ್ಡಿಗೆ ಕಾಚಂಪುಳಿಯನ್ನು ಕಂಡುಕೊಂಡರು. ಮಳೆಯು ಎಡೆಬಿಡದೆ ಹೊಯ್ಯುವ ಕಕ್ಕಡ ಮಾಸದಲ್ಲಿ ಶುಭಕಾರ್ಯಗಳನ್ನು ನಿಲ್ಲಿಸಿದರೇ ಹೊರತು ಊಟವನ್ನಲ್ಲ. ಏಡಿ, ಅಣಬೆ, ಕಣಿಲೆ, ನಾಟಿಕೋಳಿಗಳ ಕಾಲವದು. ಹದಿನೆಂಟನೆಯ ದಿನ, ಆಗಸ್ಟ್ ೩ರ ಸುಮಾರಿಗೆ, ಮದ್ದುಸೊಪ್ಪಿನ ನೇರಿಳೆ ಬಣ್ಣದ ಪಾಯಸವನ್ನು ಮನೆಯವರೆಲ್ಲ ಕೂಡಿ ಉಣ್ಣುವರು. ಹದಿನೆಂಟು ಬಗೆಯ ಔಷಧಗಳು ಅಂದು ಆ ಸೊಪ್ಪಿನಲ್ಲಿ ಕೂಡುತ್ತವೆಂಬ ನಂಬಿಕೆಯನ್ನು ವಿಜ್ಞಾನವು ಒಪ್ಪಲಿ ಬಿಡಲಿ, ಕಷ್ಟಕಾಲಕ್ಕೆ ಏನನ್ನು ಸೇರಿಸೋಣವೆಂದು ಯೋಚಿಸಿದ ಮನಸ್ಸಿಗೂ ಏನನ್ನು ತೆಗೆಯೋಣವೆಂದು ತವಕಿಸುವ ಮನಸ್ಸಿಗೂ ಇರುವ ಅಂತರವು ಸ್ಪಷ್ಟವಾಗಿದೆ.

ಇಲ್ಲಿ ಕೆಲವರು ಕೇಳಬಹುದು: ಹೊಗೆಸೊಪ್ಪನ್ನೂ ಹೆಂಡವನ್ನೂ ಬಿಟ್ಟವನು ಪಾರಣೆ ಮಾಡಬೇಕೆ? ಬೇಡ. ಅವು ಆಹಾರವಲ್ಲ; ಬಿಟ್ಟವನು ಪುಣ್ಯವಂತ. ಮಧುಮೇಹಿಯು ಅನ್ನವನ್ನು ಅಳೆದುಣ್ಣಲಿ, ರಕ್ತದೊತ್ತಡದವನು ಉಪ್ಪನ್ನು ತಗ್ಗಿಸಲಿ. ವೈದ್ಯರು ಹೇಳಿದ್ದನ್ನು ಕೇಳಲಿ. ಆದರೆ ಅನ್ನವನ್ನು ಬಿಟ್ಟೆನೆಂಬ ಧೈರ್ಯದಿಂದ ಮಾತ್ರೆಯನ್ನೂ ತಾನೇ ಬಿಟ್ಟುಬಿಡುವವನನ್ನು ಕಂಡರೆ ನಮಗೆ ಭಯವಾಗುತ್ತದೆ, ಅಂಥವರು ಒಬ್ಬಿಬ್ಬರಲ್ಲ.

ಊಟದಲ್ಲಿ ಹತ್ತಿದ ಈ ಚಾಳಿಯು ಬಾಳಿನ ಉಳಿದ ಭಾಗಗಳಿಗೂ ಹರಡಿದೆ. ಭತ್ತದ ಗದ್ದೆಯಿಂದ ಲಾಭವಿಲ್ಲ, ಆಳು ಸಿಕ್ಕುವುದಿಲ್ಲ. ಒಂದು ವರ್ಷ ಬಿಡೋಣವೆಂದರು, ಗದ್ದೆಯು ಪಾಳುಬಿದ್ದಿತು. ಆ ಒಂದು ವರ್ಷವು ಮುಗಿಯಲೇ ಇಲ್ಲ. ಮಳೆಗಾಲದಲ್ಲಿ ಬದುಗಳ ನಡುವೆ ನಿಂತು ನೆಲಕ್ಕಿಳಿಯುತ್ತಿದ್ದ ನೀರು ಈಗ ನಿಲ್ಲದೆ ಹರಿದುಹೋಗುತ್ತದೆ. ಹುತ್ತರಿಗೆ ಕದಿರು ಕೊಯ್ಯಲು ಪಕ್ಕದವರ ಗದ್ದೆಯನ್ನು ಹುಡುಕಬೇಕಾದ ಮನೆಗಳಿವೆ. ಅಣ್ಣತಮ್ಮಂದಿರೊಳಗೆ ಒಂದು ಮಾತು ಬಂದರೆ, ಮನಸ್ಸಿನ ನೆಮ್ಮದಿಗಾಗಿ ಅವರನ್ನು ಬಿಟ್ಟುಬಿಡಿ ಎಂದು ಉಪದೇಶಿಸುವವರು ಈಗ ಬೇಕಾದಷ್ಟಿದ್ದಾರೆ. ಬಿಟ್ಟವನಿಗೆ ಮೊದಲ ತಿಂಗಳು ನೆಮ್ಮದಿಯಾಗುವುದೂ ನಿಜವೇ. ಹೊಡೆಯುವ, ಹಿಂಸಿಸುವ ಮನೆಯಿಂದ ಹೊರಟುಬಂದವರನ್ನು ನಾವು ಮರಳಿ ಕಳುಹಿಸುವುದಿಲ್ಲ. ಉಳಿದವರಾದರೋ ಐನ್‌ಮನೆಯ ದೀಪದ ಮುಂದೆ ವರ್ಷಕ್ಕೊಮ್ಮೆಯಾದರೂ ಕೂಡತಕ್ಕವರು. ಆ ಒಂದು ದಿನವನ್ನೂ ತಪ್ಪಿಸಿದರೆ ಬಿಟ್ಟುದು ಜಗಳವನ್ನೋ ಅಣ್ಣನನ್ನೋ ಎಂದು ತಿಳಿಯುವ ಬಗೆಯೆಂತು? ಭಾಗಮಂಡಲದಲ್ಲಿ ವರ್ಷವರ್ಷವೂ ಹೊಳೆಯು ಉಕ್ಕಿ ರಸ್ತೆಯು ಮುಳುಗುತ್ತಿತ್ತು. ಸಂಚಾರವನ್ನೇ ಬಿಡಿರೆಂದು ಯಾರೂ ಹೇಳಲಿಲ್ಲ; ಅಲ್ಲಿ ಮೇಲುಸೇತುವೆಯನ್ನು ಕಟ್ಟಿದರು.

ಕ್ರಮವನ್ನು ತಿಳಿಯಬಯಸುವವರಿಗೆ ಹೇಳತಕ್ಕದ್ದು ಸ್ವಲ್ಪ. ಸಂದೇಹವಿದ್ದರೆ ಮೊದಲು ವೈದ್ಯರಲ್ಲಿ ಪರೀಕ್ಷೆಯಾಗಲಿ. ಆಮೇಲೆ ಒಂದೇ ಪದಾರ್ಥವನ್ನು ಬಿಡಿ; ಬಿಟ್ಟ ದಿನವನ್ನೂ ಮರಳಿ ತರುವ ದಿನವನ್ನೂ ಒಟ್ಟಿಗೇ ಪಂಚಾಂಗದಲ್ಲಿ ಗುರುತಿಸಿಡಿ. ಆ ದಿನ ಬಂದಾಗ ಸ್ವಲ್ಪ ತಿಂದು ಎರಡು ಮೂರು ದಿನ ನೋಡಿ. ಮಕ್ಕಳು, ಗರ್ಭಿಣಿಯರು, ಬಾಣಂತಿಯರು, ಮುದುಕರು ತಾವಾಗಿ ಯಾವ ಪ್ರಯೋಗಕ್ಕೂ ಕೈಹಾಕಬಾರದು.

ಬರುವ ಕೈಲುಮುಹೂರ್ತದಂದು ಮನೆಯವರೆಲ್ಲ ಒಟ್ಟಿಗೆ ಊಟಕ್ಕೆ ಕುಳಿತಾಗ ಯಾರಾದರೂ ಕಡಂಬುಟ್ಟನ್ನು ಪಕ್ಕಕ್ಕೆ ಸರಿಸಿದರೆ, ಯಾರು ಹೇಳಿದರು, ಯಾವ ದಿನದಿಂದ, ಯಾವ ದಿನದವರೆಗೆ ಎಂದು ಹಿರಿಯರು ಸಮಾಧಾನದಿಂದ ವಿಚಾರಿಸಲಿ. ಮೂರಕ್ಕೂ ಉತ್ತರವಿದ್ದರೆ ಒತ್ತಾಯವು ಬೇಡ. ಇಲ್ಲದಿದ್ದರೆ ಆರುವುದಕ್ಕೆ ಮೊದಲು ಇನ್ನೆರಡನ್ನು ಬಡಿಸಲಿ.